ಕೊರಗಪ್ಪನ ಎಂಬತ್ತು ಪರ್ಸೆಂಟು

ಮಳೆಗಾಲದ ಆ ಸಂಜೆ ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಕರೆಂಟು ಹೋದಾಗ ಪಂಚವರ್ಣ ಹೋಟೆಲಿನ ಇಡ್ಲಿ ಹಿಟ್ಟಿನ ಗ್ರೈಂಡರನ್ನು ತಿರುಗಿಸಿದ್ದು ಕೊರಗಪ್ಪನ ಮೊಬೈಲು. ಚಾರ್ಜರಿನ ವಯರನ್ನು ಉಲ್ಟಾ ಹಿಡಿದು ಗ್ರೈಂಡರಿಗೆ ಸಿಕ್ಕಿಸಿದ್ದೇ ತಡ, ಕಲ್ಲು ಗರಗರನೆ ತಿರುಗಿತು, ಮರುದಿನಕ್ಕೆ ಬೇಕಾದ ಹಿಟ್ಟಷ್ಟೂ ಬೆಣ್ಣೆಯ ಹಾಗೆ ನುಣ್ಣಗಾಯಿತು. ಆಮೇಲೆ ನೋಡಿದರೆ ಮೊಬೈಲಿನಲ್ಲಿ ಇನ್ನೂ ಅರವತ್ತು ಪರ್ಸೆಂಟು ಉಳಿದಿತ್ತು. ಉಳಿದದ್ದನ್ನು ಸುಮ್ಮನೆ ಯಾಕೆ ಹಾಳು ಮಾಡುವುದೆಂದು ಪಕ್ಕದ ಬಿಲ್ಡಿಂಗಿನ ಲಿಫ್ಟನ್ನೂ ಒಂದೆರಡು ಸಲ ಮೇಲೆ ಕೆಳಗೆ ಓಡಿಸಿದ್ದಾಯಿತು.

ಕೊರಗಪ್ಪ ಇದನ್ನು ಹೇಳುವಾಗ ಯಾರೂ ನಗಬಾರದು. ನಕ್ಕರೆ ಆ ಬಿಲ್ಡಿಂಗಿಗೆ ಮತ್ತೆರಡು ಮಾಳಿಗೆ ಸೇರುತ್ತಿದ್ದವು.

ಅವನು ಪಂಚವರ್ಣದ ಕ್ಯಾಪ್ಟನ್. ಮೇಜಿನಿಂದ ಮೇಜಿಗೆ ನಡೆದು ಆರ್ಡರು ತೆಗೆದುಕೊಂಡು ಅಡುಗೆಮನೆಗೆ ಕೂಗಿ ಹೇಳುವ ಕೆಲಸ. ಮೀಸೆ ಮೂಡುವ ಮುಂಚೆ ಉಡುಪಿಯ ಕಡೆಯಿಂದ ಮುಂಬಯಿಗೆ ಬಂದವನು. ಈಗ ಆ ಮೀಸೆಗೆ ಬಣ್ಣ ಹಚ್ಚುವ ಕಾಲ. ಇಷ್ಟು ವರ್ಷ ಆ ಒಂದು ಹೋಟೆಲಿನೊಳಗೆ ನಡೆದದ್ದನ್ನು ನೆಟ್ಟಗೆ ನಡೆದಿದ್ದರೆ ಚಂದ್ರನನ್ನು ಮುಟ್ಟಿ, ಅಲ್ಲಿ ಅರ್ಧ ಲೋಟ ಕಟಿಂಗ್ ಚಹಾ ಕುಡಿದು, ಚಹಾ ಸಪ್ಪೆಯೆಂದು ಬೈದು ವಾಪಸು ಬಂದಿರುತ್ತಿದ್ದ. ಅವನ ಗಂಟಲೋ, 'ಏಕ್ ಮಸಾಲಾ' ಎಂದು ಕೂಗಿದರೆ ವಡಾಲಾದಲ್ಲಿ ಯಾರೋ ಪ್ಲೇಟು ತೊಳೆದಿಡಬೇಕು.

ಅವನು ಸುಳ್ಳುಗಾರ ಎಂದರೆ ತಪ್ಪಾಗುತ್ತದೆ. ಹೋಟೆಲಿನ ಕ್ಯಾಪ್ಟನ್ನನ ಬಾಯಿ ತಯಾರಾಗುವುದೇ ಹಾಗೆ. ಗಿರಾಕಿ ಬಂದು 'ವಡಾ ಗರಂ ಹೈ ಕ್ಯಾ?' ಎಂದು ಕೇಳಿದರೆ, ಬೆಳಗ್ಗೆ ಕರಿದಿಟ್ಟ ವಡೆಯನ್ನು ನೋಡುತ್ತಲೇ 'ಅಭೀ ಅಭೀ ನಿಕಲಾ, ಸೇಟ್', ಈಗಷ್ಟೇ ತೆಗೆದದ್ದು, ಎನ್ನಬೇಕು. ದೋಸೆಗೆ ಇನ್ನೂ ಹಿಟ್ಟೇ ಹೊಯ್ದಿರದಿದ್ದರೂ 'ದೋ ಮಿನಿಟ್' ಎನ್ನಬೇಕು. ವರ್ಷಗಟ್ಟಲೆ ಹೀಗೆ ಹೇಳಿದ ನಾಲಿಗೆ, ಸಂಜೆ ಮನೆಗೆ ಹೋದ ಮೇಲೆ ಒಮ್ಮೆಲೇ ಸಣ್ಣದಾಗು ಎಂದರೆ ಆದೀತೇ?

ಆದರೆ ಆ ನಾಲಿಗೆಯಿಂದ ಹೊರಟ ಸಾವಿರ ಮಾತಿನ ನಡುವೆ ಒಂದು ಮಾತು ಅಪ್ಪಟ ಚಿನ್ನ. ಮೂರು ವರ್ಷಗಳಿಂದ ಅವನ ಮೊಬೈಲು ಎಂಬತ್ತು ಪರ್ಸೆಂಟಿಗಿಂತ ಮೇಲೆ ಚಾರ್ಜಾಗಿರಲಿಲ್ಲ.

ಅದನ್ನು ಅವನ ತಲೆಯಲ್ಲಿ ಬಿತ್ತಿದ್ದು ಮಗಳು ಶ್ರೇಯಾ. ಕಾಲೇಜಿಗೆ ಹೋಗುವವಳು, ಎಲ್ಲೋ ಓದಿ ಬಂದು ಹೇಳಿದ್ದಳು: ಬ್ಯಾಟರಿಯನ್ನು ದಿನವೂ ಕಂಠಪೂರ್ತಿ ತುಂಬಿಸಿಟ್ಟರೆ ಅದು ಒಳಗೊಳಗೇ ಬೇಗ ಸವೆಯುತ್ತದೆ, ಎಂಬತ್ತರ ಹತ್ತಿರ ನಿಲ್ಲಿಸಿದರೆ ಹೆಚ್ಚು ಕಾಲ ಬಾಳುತ್ತದೆ. ಬೇರೆ ಯಾರಾದರೂ ಆಗಿದ್ದರೆ ಹೂಂಗುಟ್ಟಿ ಮರೆಯುತ್ತಿದ್ದರು. ಕೊರಗಪ್ಪನ ಕಣ್ಣೆದುರು ಮಾತ್ರ ಹೋಟೆಲಿನ ಹಿಟ್ಟಿನ ಪಾತ್ರೆ ಬಂದು ನಿಂತಿತು. ರುಬ್ಬಿದ ಇಡ್ಲಿ ಹಿಟ್ಟನ್ನು ಯಾರೂ ಪಾತ್ರೆಯ ಬಾಯಿಯವರೆಗೆ ತುಂಬುವುದಿಲ್ಲ. ಬೆಳಗಾಗುವಷ್ಟರಲ್ಲಿ ಹುದುಗು ಬಂದು ಉಬ್ಬಿ ನೆಲವೆಲ್ಲ ರಾಡಿಯಾಗುತ್ತದೆ. ಅದಕ್ಕೇ ಮೇಲೆ ಒಂದಿಷ್ಟು ಜಾಗ ಬಿಡುವುದು.

"ಬ್ಯಾಟರಿಯೂ ಹಿಟ್ಟೇ ಮಗಳೇ!" ಎಂದು ಅವನು ಚಾಳಿನ ಹತ್ತು ಮನೆಗೆ ಕೇಳುವ ಹಾಗೆ ಕೂಗಿದ್ದ. "ನಿಮ್ಮ ಸೈಂಟಿಸ್ಟುಗಳಿಗೆ ಇವತ್ತು ಗೊತ್ತಾದದ್ದು ನಮ್ಮ ಅಡುಗೆಮನೆಗೆ ಯಾವತ್ತೋ ಗೊತ್ತುಂಟು!"

ಅಂದಿನಿಂದ ಪಂಚವರ್ಣದಲ್ಲಿ ಹಣ ಕಟ್ಟುವ ಗಲ್ಲೆಯ ಕೆಳಗಿನ ಪ್ಲಗ್ಗಿಗೆ ಒಬ್ಬ ಪೊಲೀಸ ಸಿಕ್ಕಂತಾಯಿತು. ಹುಡುಗರದಿರಲಿ, ಗಿರಾಕಿಗಳದಿರಲಿ, ಅಲ್ಲಿ ಚಾರ್ಜಿಗಿಟ್ಟ ಯಾವ ಫೋನೂ ಎಂಬತ್ತು ದಾಟುವ ಹಾಗಿಲ್ಲ. ಕೊರಗಪ್ಪ ಎರಡು ಮಸಾಲೆ ದೋಸೆ ಒಂದು ಕೈಯಲ್ಲಿ ಹಿಡಿದು ಹೋಗುತ್ತಲೇ ಇನ್ನೊಂದು ಕೈಯಿಂದ ವಯರು ಕೀಳುತ್ತಿದ್ದ.

ಇದರಿಂದ ಹೆಚ್ಚು ಗೋಳಾದದ್ದು ಯಲ್ಲಾಲಿಂಗನಿಗೆ. ಕಲಬುರಗಿಯ ಕಡೆಯ ಹುಡುಗ, ಬೈಕಿನಲ್ಲಿ ಮನೆಮನೆಗೆ ಪಾರ್ಸೆಲು ಮುಟ್ಟಿಸುವವನು.

"ಅಣ್ಣಾರ, ಇನ್ನೊಂದ್ ಸ್ವಲ್ಪ ಬಿಡ್ರಿ. ಬಾಂದ್ರಾಕ್ಕ ಹೋಗೋದದ. ನಡುದಾರ್ಯಾಗ ಮ್ಯಾಪ್ ಬಂದ್ ಆದ್ರ ನಿಮ್ಮ ಮಸಾಲಿ ದ್ವಾಸಿ ಚಪ್ಪಲಿ ಆಗ್ತದ ನೋಡ್ರಿ."

"ಎಂಬತ್ತು ಅಂದ್ರೆ ಎಂಬತ್ತು. ನಿನ್ನ ಮೊಮ್ಮಕ್ಕಳು ಇದೇ ಫೋನಿನಲ್ಲಿ ನನ್ನ ಹೆಸರು ಹೇಳಿ ಮಾತಾಡ್ತಾರೆ, ಹೋಗು."

"ಮೊಮ್ಮಕ್ಕಳು ಇರ್ಲಿ ಬಿಡ್ರಿ, ಮೊದಲ ಮದಿವಿ ಆಗಬೇಕಲ್ರಿ. ಹುಡುಗಿ ಫೋನ್ ಮಾಡಿದಾಗೆಲ್ಲ ಸ್ವಿಚಾಫ್ ಬರ್ತದ."

ಅವನ ಜೊತೆ ಸೇರಿ ನಗುವವನು ದೋಸೆ ಕಾವಲಿಯ ಮುಂದೆ ನಿಲ್ಲುವ ದೇವಾನಂದ. ಕೊರಗಪ್ಪನೂ ದೇವಾನಂದನೂ ಒಂದೇ ದೀಪಾವಳಿಗೆ, ಒಂದೇ ಅಂಗಡಿಯಲ್ಲಿ, ಒಂದೇ ನೀಲಿ ಬಣ್ಣದ ಫೋನು ತೆಗೆದುಕೊಂಡಿದ್ದರು. ಒಬ್ಬನದು ಎಂಬತ್ತಕ್ಕೆ ನಿಂತಿತು. ಇನ್ನೊಬ್ಬನದು ರಾತ್ರಿ ಚಾರ್ಜಿಗಿಟ್ಟರೆ ಬೆಳಗಿನವರೆಗೂ ತುಂಬಿಯೇ ಇರುತ್ತಿತ್ತು. ಹಗಲಿಡೀ ಕಾವಲಿಯ ಮೇಲಿನ ಗೂಡಿನಲ್ಲಿ ಕುಳಿತು ಹಾಡು ಹೇಳುತ್ತಿತ್ತು.

"ಕೊರಗಪ್ಪಣ್ಣ, ನನ್ನ ಮಂಡೆಗೆ ಒಂದು ಹೋಗುದಿಲ್ಲ," ಎಂದು ದೇವಾನಂದ ಸಟ್ಟುಗ ಎತ್ತಿ ಕೇಳುತ್ತಿದ್ದ. "ನಾಲ್ಕು ವರ್ಷ ಕಳೆದ ಮೇಲೆ ನನ್ನ ಬ್ಯಾಟರಿ ಇಪ್ಪತ್ತು ಪರ್ಸೆಂಟು ಸಾಯ್ತದೆ ಅಂತ ನೀವು ಹೆದರಿಸ್ತೀರಿ. ಸಾಯ್ಲಿ. ನೀವು ಮೊದಲ ದಿನವೇ ಇಪ್ಪತ್ತನ್ನು ಬಿಟ್ಟು ಕೂತಿದ್ದೀರಲ್ಲ! ನಂದು ಮುದುಕ ಆದ ಮೇಲೆ ಎಷ್ಟು ನಡೀತದೋ, ನಿಮ್ದು ಹುಟ್ಟಿದಂದಿನಿಂದ ಅಷ್ಟೇ ನಡೆಯುದು. ಇದೆಂತ ಉಳಿತಾಯ ಮಾರಾಯ್ರೆ?"

ಈ ಪ್ರಶ್ನೆಗೆ ನೇರ ಉತ್ತರ ಕೊರಗಪ್ಪನ ಹತ್ತಿರ ಇರಲಿಲ್ಲ. ನೇರ ಉತ್ತರ ಇಲ್ಲದಾಗ ಅವನು ದೊಡ್ಡ ಉತ್ತರ ಕೊಡುತ್ತಿದ್ದ.

"ನಿನ್ನದು ಮುದುಕ ಆಗ್ತದೆ. ನನ್ನದು ಆಗುದೇ ಇಲ್ಲ. ಮೂರು ವರ್ಷ ಆಯ್ತು, ಇವತ್ತಿಗೂ ನೂರಕ್ಕೆ ನೂರು ಆರೋಗ್ಯ. ಒಂದು ಕೂದಲೆಳೆಯಷ್ಟು ಸವೆದಿಲ್ಲ!"

ನೂರಕ್ಕೆ ನೂರು ಎಂದು ಯಾವ ಯಂತ್ರವೂ ಹೇಳಿರಲಿಲ್ಲ. ಆ ಫೋನಿನಲ್ಲಿ ಬ್ಯಾಟರಿಯ ಆರೋಗ್ಯ ನೋಡುವ ದಾರಿಯೇ ಇರಲಿಲ್ಲ. ಹಾಗಾಗಿ ನೂರು ಎನ್ನಲು ಯಾವ ಅಡ್ಡಿಯೂ ಇರಲಿಲ್ಲ. ನೂರಿಪ್ಪತ್ತು ಎನ್ನದೆ ಇದ್ದದ್ದೇ ಅವನ ಸಂಯಮ.

ಹೀಗಿರುವಾಗ ಬಾಂದ್ರಾದ ಸುದ್ದಿ ಬಂತು.

ಹಳೆಯ ಧಣಿ ಊರಿಗೆ ಹೋದ ಮೇಲೆ ಹೋಟೆಲನ್ನು ನೋಡಿಕೊಳ್ಳುತ್ತಿದ್ದವನು ಮಗ ಸುಹಾಸ. ಮುಂಬಯಿಯಲ್ಲೇ ಹುಟ್ಟಿದವನು, ಜೀನ್ಸ್ ಹಾಕಿ ಗಲ್ಲೆಯಲ್ಲಿ ಕೂರುವವನು. ಅವನು ಒಂದು ಬೆಳಗ್ಗೆ ಎಲ್ಲರನ್ನೂ ಕರೆದು ಬಾಂದ್ರಾದಲ್ಲಿ ಇನ್ನೊಂದು ಪಂಚವರ್ಣ ತೆರೆಯುವುದಾಗಿ ಹೇಳಿದ. "ಅಲ್ಲಿ ಗಲ್ಲೆಗೆ ಯಾರು ಅಂತ ಇನ್ನೂ ಡಿಸೈಡ್ ಆಗ್ಲಿಲ್ಲ. ನಮ್ಮ ಮಾಮ ಅವರ ಗುರುತಿನ ಒಬ್ಬನನ್ನು ಹೇಳ್ತಿದ್ದಾರೆ."

ಕೊರಗಪ್ಪನ ಕಣ್ಣು ಸುಹಾಸನನ್ನು ಬಿಟ್ಟು ಅವನ ಕುರ್ಚಿಗೆ ಅಂಟಿತು. ಗಲ್ಲೆ! ಹಣ ತೆಗೆದುಕೊಳ್ಳುವ ಆ ಎತ್ತರದ ಮೇಜು, ಹಿಂದೆ ಮೆತ್ತೆ ಹಾಕಿದ ಕುರ್ಚಿ, ತಲೆಯ ಮೇಲೆ ದೇವರ ಪಟ. ಪ್ರತಿ ಬೆಳಗ್ಗೆ ಆ ಕುರ್ಚಿಯನ್ನು ಒರೆಸುವವನು ಅವನೇ. ಒರೆಸಿ, ಮೆತ್ತೆಯನ್ನು ಅಂಗೈಯಿಂದ ಒಮ್ಮೆ ಒತ್ತಿ, ಅದು ನಿಧಾನ ಮೇಲೇಳುವುದನ್ನು ನೋಡಿ ಸರಿಯುತ್ತಿದ್ದ. ಒಂದು ದಿನವೂ ಕೂತಿರಲಿಲ್ಲ. ಮೊಣಕಾಲು ಈಚೆಗೆ ಕೂರು ಕೂರು ಎನ್ನುತ್ತಿದ್ದವು. ಹೆಂಡತಿ ಸೇವಂತಿ ದಿನವೂ ಎಣ್ಣೆ ತಿಕ್ಕುತ್ತಾ, "ನಿಮ್ಮ ಬಾಯಿಯಷ್ಟೇ ಕಾಲೂ ಗಟ್ಟಿ ಇದ್ದಿದ್ರೆ," ಎನ್ನುತ್ತಿದ್ದಳು.

ಅವನು ನೇರ ಹೋಗಿ ಗಲ್ಲೆಯ ಮುಂದೆ ಫೋನು ಇಟ್ಟ.

"ಧಣಿ, ಇದನ್ನು ನೋಡಿ. ಮೂರು ವರ್ಷದ ಫೋನು. ಬ್ಯಾಟರಿ ಇವತ್ತಿಗೂ ನೂರಕ್ಕೆ ನೂರು. ಇಷ್ಟು ಸಣ್ಣ ಬ್ಯಾಟರಿಯನ್ನು ಹೀಗೆ ನೋಡಿಕೊಂಡವನು ನಿಮ್ಮ ಬಾಂದ್ರಾವನ್ನು ಹೇಗೆ ನೋಡಿಕೊಂಡಾನು, ನೀವೇ ಹೇಳಿ!"

ಸುಹಾಸ ತಲೆಯೆತ್ತಿದ. "ನೂರಾ? ಇಂಪಾಸಿಬಲ್, ಕೊರಗಪ್ಪಣ್ಣ. ನನ್ನದು ಒಂದು ವರ್ಷದ್ದು, ಈಗಲೇ ತೊಂಬತ್ತಾರಕ್ಕೆ ಬಂತು."

"ನೀವು ತುಂಬಿಸ್ತೀರಿ ಧಣಿ. ನಾನು ನಿಲ್ಲಿಸ್ತೇನೆ."

ಸುಹಾಸನಿಗೆ ಹುರುಪು ಬಂದುಬಿಟ್ಟಿತು. "ಇದು ನಿಜ ಆದ್ರೆ ಬಾಂದ್ರಾದ ಎಲ್ಲ ಆರ್ಡರ್ ಫೋನಿಗೂ ನಿಮ್ಮದೇ ರೂಲು. ಗಲ್ಲೆಯೂ ನಿಮ್ದೇ. ಮಾಮನಿಗೆ ನಾನು ಹೇಳ್ತೇನೆ. ಭಾನುವಾರ ಮಧ್ಯಾಹ್ನ ಎಲ್ಲರ ಎದುರು ತೋರಿಸಿ."

"ತೋರಿಸುದಾ? ನಮ್ಮ ಮಾಡೆಲಿನಲ್ಲಿ ಅದು ಕಾಣುದಿಲ್ಲವಲ್ಲ ಧಣಿ. ನನ್ನ ಮಾತೇ ಗ್ಯಾರಂಟಿ."

"ಕಾಣ್ತದೆ! ಈ ವಾರ ಹೊಸ ಅಪ್‌ಡೇಟ್ ಬಂತು, ಅದರಲ್ಲಿ ಹೆಲ್ತ್ ಉಂಟು. ದೇವಾನಂದಂದೂ ಸೇಮ್ ಫೋನ್ ಅಲ್ವಾ? ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವಾ. ಫುಲ್ ಮಜಾ!"

ಕಾವಲಿಯ ಹತ್ತಿರದಿಂದ ದೇವಾನಂದ ಸಟ್ಟುಗ ಬಡಿದು ತಾಳ ಹಾಕಿದ.

ಮಂಗಳವಾರ ಸಂಜೆ ಶ್ರೇಯಾ ಅಪ್‌ಡೇಟು ಹಾಕಿದಳು, ಅಂಕಿಯನ್ನು ಮಾತ್ರ ಭಾನುವಾರ ಎಲ್ಲರೆದುರೇ ನೋಡುವುದೆಂದಳು. "ಪಪ್ಪಾ, ನೀವು ಟೆನ್ಶನ್ ಯಾಕೆ ತಗೋತೀರಿ? ನಾನು ಡೈಲಿ ನೋಡಿದ್ದೇನಲ್ಲ, ನೀವು ಏಯ್ಟಿಗೇ ತೆಗೀತೀರಿ. ನನ್ನ ಫ್ರೆಂಡ್ಸಿಗೆ ಎಲ್ಲ ಹೇಳಿದ್ದೇನೆ. ನಿಮ್ಮ ಬಾಕಿ ಎಲ್ಲ ಸ್ಟೋರಿ ಬಂಡಲ್, ಬಟ್ ಇದು ಒಂದು ಪಕ್ಕಾ." ಅಪ್ಪನ ಬಗ್ಗೆ ಅವಳು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು ಇದೊಂದೇ ಎಂದು ಕೊರಗಪ್ಪನಿಗೂ ಗೊತ್ತಿತ್ತು.

ಬುಧವಾರ ಬೆಳಗ್ಗೆ ಕೆಲಸಕ್ಕೆ ಹೊರಟವನು ಚಾಳಿನ ಮೆಟ್ಟಿಲ ಕೆಳಗೆ ನಿಂತು, ಮಗಳು ಬಾಯಲ್ಲೇ ಹೇಳಿಕೊಟ್ಟ ಹಾಗೆ ಒತ್ತುತ್ತಾ ಹೋಗಿ ಬ್ಯಾಟರಿಯ ಆರೋಗ್ಯದ ಪುಟ ತೆರೆದ.

ಎಂಬತ್ತೊಂಬತ್ತು.

ಮೂರು ವರ್ಷ, ದಿನವೂ, ಜ್ವರ ಬಂದಾಗಲೂ, ನಾದಿನಿಯ ಮದುವೆಯಲ್ಲೂ ಎಂಬತ್ತಕ್ಕೆ ಕಿತ್ತ ಕೈಗೆ ಎಂಬತ್ತೊಂಬತ್ತು! ಕೆಟ್ಟ ಅಂಕಿಯಲ್ಲ ಅದು. ಪರೀಕ್ಷೆಯಲ್ಲಿ ಮಗಳಿಗೆ ಬಂದಿದ್ದರೆ ಇಡೀ ಚಾಳಿಗೆ ಪೇಡೆ ಹಂಚುತ್ತಿದ್ದ. ಆದರೆ ಅವನು ಊರಿಗೆಲ್ಲ ಹೇಳಿದ್ದು ನೂರು. ಆಂಟಾಪ್ ಹಿಲ್‌ನಿಂದ ಉಡುಪಿಯವರೆಗೆ ಹೇಳಿದ್ದು ನೂರು. ಧಣಿಗೆ, ಅದೂ ಕುರ್ಚಿಯನ್ನು ನೋಡುತ್ತಾ ಹೇಳಿದ್ದು ನೂರು. ಎಂಬತ್ತೊಂಬತ್ತನ್ನು ಹೊತ್ತುಕೊಂಡು ಹೋದರೆ ದೇವಾನಂದ ಉಳಿದ ಹನ್ನೊಂದನ್ನು ಚಟ್ನಿ ಮಾಡಿ ಬಡಿಸುತ್ತಾನೆ.

ಹೋಟೆಲಿಗೆ ಹೋಗಬೇಕಾದ ಕಾಲು ಜಿಟಿಬಿ ನಗರ್ ಸ್ಟೇಷನ್ನಿಗೆ ಹೋದವು. ಆಂಟಾಪ್ ಹಿಲ್‌ನ ಮೊಬೈಲ್ ಅಂಗಡಿಯವರೆಲ್ಲ ಪಂಚವರ್ಣದಲ್ಲಿ ಚಹಾ ಕುಡಿಯುವವರು. ಅಲ್ಲಿ ಆಗುವ ಕೆಲಸವಲ್ಲ. ಕುರ್ಲಾದಲ್ಲಿ ಇಳಿದು, ಜನರ ಪ್ರವಾಹದಲ್ಲಿ ತೇಲಿಕೊಂಡು, ಸ್ಟೇಷನ್ನಿನ ಹೊರಗೆ ಫೋನು ರಿಪೇರಿ ಮಾಡುವ ಒಂದು ಗೂಡಂಗಡಿಯ ಮುಂದೆ ನಿಂತ.

"ಡುಪ್ಲಿಕೇಟ್ ಬ್ಯಾಟರಿ ಚಾಹಿಯೇ ಕಿ ಒರಿಜಿನಲ್?" ಎಂದು ಅಂಗಡಿಯವನು ಕೇಳಿದ. "ಡುಪ್ಲಿಕೇಟ್ ಸಸ್ತಾ ಹೈ."

ಕೊರಗಪ್ಪನ ಸ್ವಾಭಿಮಾನಕ್ಕೆ ಚುರುಕು ಮುಟ್ಟಿತು. "ಒರಿಜಿನಲ್! ಮೈ ಕ್ಯಾ ಡುಪ್ಲಿಕೇಟ್ ಆದ್ಮಿ ದಿಖ್ತಾ ಹೂಂ?"

ಅಂಗಡಿಯವನು ಬಿಸಿಗಾಳಿ ಊದಿ ಫೋನಿನ ಬೆನ್ನು ಬಿಚ್ಚಿದ. ಮೂರು ವರ್ಷ ಎಂಬತ್ತರ ಗೆರೆ ದಾಟದ ಆ ಹಳೆಯ ಬ್ಯಾಟರಿಯನ್ನು ಕಿತ್ತು, ಬೇರೆ ನೂರಾರು ಬ್ಯಾಟರಿಗಳಿದ್ದ ಡಬ್ಬಕ್ಕೆ ಎಸೆದ. ಕೊರಗಪ್ಪ ಡಬ್ಬದೊಳಗೆ ಬಗ್ಗಿ ನೋಡಿದ, ತನ್ನದು ಯಾವುದೆಂದು ಗೊತ್ತಾಗಲಿಲ್ಲ. ಆದರೆ ಹೊಸದನ್ನು ಕೂರಿಸಿ ಫೋನು ಬೆಳಗಿದಾಗ ಆ ಪುಟದಲ್ಲಿ ನೂರು ಎಂಬ ಅಂಕಿ ಮೂರು ದೀಪ ಹಚ್ಚಿಟ್ಟ ಹಾಗೆ ಹೊಳೆಯಿತು. ನೋಡಿದವನು ಅಲ್ಲೇ ಒಂದು ಕುಣಿತ ಹಾಕುವುದೊಂದು ಬಾಕಿ.

ಭಾನುವಾರ ಊಟದ ಗದ್ದಲ ಮುಗಿದು, ಸಂಜೆಯ ತಿಂಡಿಯ ಗದ್ದಲಕ್ಕೆ ಇನ್ನೂ ಹೊತ್ತಿರುವ ಆ ಖಾಲಿ ಗಳಿಗೆಯಲ್ಲಿ ಪಂಚವರ್ಣ ಮದುವೆ ಮಂಟಪದಂತಾಯಿತು. ನಡುವಿನ ಮೇಜಿನ ಸುತ್ತ ಹೋಟೆಲಿನವರೆಲ್ಲ ಸೇರಿದರು. ಯಲ್ಲಾಲಿಂಗ ಬಂದ ಆರ್ಡರನ್ನು ಬೇರೆಯವನಿಗೆ ದಾಟಿಸಿ ಕುರ್ಚಿಯ ಮೇಲೆ ಹತ್ತಿ ನಿಂತ. ಶ್ರೇಯಾ ತನ್ನ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು. ಕೊರಗಪ್ಪ ಮೀಸೆಗೆ ಹೊಸದಾಗಿ ಬಣ್ಣ ಹಾಕಿಕೊಂಡು ಬಂದಿದ್ದ.

ಮೊದಲು ದೇವಾನಂದನ ಫೋನು. ಶ್ರೇಯಾ ಪುಟ ತೆರೆದು ಓದಿದಳು. "ಏಯ್ಟಿ ಒನ್! ಎಂಬತ್ತೊಂದು!"

"ಹೋ!" ಎಂದು ಹೋಟೆಲು ಕೂಗಿತು. ದೇವಾನಂದನ ಮುಖ ಸೀದ ದೋಸೆಯಾಯಿತು.

"ದೇವಾನಂದ ಅಂಕಲ್, ಫುಲ್ ಚಾರ್ಜ್ ಒಂದೇ ಅಲ್ಲ," ಎಂದಳು ಶ್ರೇಯಾ. "ನೀವು ಅದನ್ನು ಅಲ್ಲಿ ಗರಂನಲ್ಲಿ ಇಡ್ತೀರಲ್ಲ, ಕಾವಲಿ ಮೇಲೆ. ಬ್ಯಾಟರಿಗೆ ಹೀಟ್ ಅಂದ್ರೆ ತುಂಬಾ ಖರಾಬ್. ಎರಡೂ ಸೇರಿ ಹೀಗಾಯ್ತು."

"ಕೇಳಿದಿಯಾ?" ಕೊರಗಪ್ಪ ಎದೆಯುಬ್ಬಿಸಿದ. "ನೀನು ದೋಸೆಯ ಜೊತೆ ಫೋನನ್ನೂ ಬೇಯಿಸಿದಿ. ಈಗ ಇದನ್ನು ನೋಡು. ಕಣ್ಣಿಗೆ ಕೈ ಅಡ್ಡ ಹಿಡ್ಕೊ, ಬೆಳಕು ಹೊಡೆದೀತು!"

ಶ್ರೇಯಾ ಅಪ್ಪನ ಫೋನು ತೆಗೆದುಕೊಂಡಳು. ಒತ್ತಿದಳು. ಅವಳ ಕಣ್ಣು ಇಷ್ಟಗಲವಾಯಿತು.

"ಹಂಡ್ರೆಡ್! ಪಪ್ಪಾ, ಸಚ್ಚೀ ಹಂಡ್ರೆಡ್!"

ಆಮೇಲೆ ಎದ್ದ ಗದ್ದಲಕ್ಕೆ ರಸ್ತೆಯಾಚೆಯ ಪಾರಿವಾಳಗಳೆಲ್ಲ ಹಾರಿ ಸಯನ್ ಸ್ಟೇಷನ್ ಸೇರಿದವು. ಯಲ್ಲಾಲಿಂಗ ಕುರ್ಚಿಯಿಂದ ಜಿಗಿದು, "ಅಣ್ಣಾರ, ನಾಳಿಂದ ನನ್ನ ಫೋನು ಎಪ್ಪತ್ತಕ್ಕೇ ಕಿತ್ತಿ ಒಗೀರಿ!" ಎಂದು ಕಾಲು ಮುಟ್ಟಲು ಬಂದ. ಸುಹಾಸ ಗಲ್ಲೆಯಿಂದ ಎದ್ದು ಬಂದು ಕೊರಗಪ್ಪನ ಎರಡೂ ಕೈ ಹಿಡಿದುಕೊಂಡ. "ಬಾಂದ್ರಾ ಪಕ್ಕಾ, ಕೊರಗಪ್ಪಣ್ಣ. ಈಗಲೇ ಮಾಮನಿಗೆ ಫೋನ್ ಮಾಡ್ತೇನೆ." ಹೇಳಿದ್ದಷ್ಟೇ ಅಲ್ಲ, ಅವನ ಭುಜ ಹಿಡಿದು ಗಲ್ಲೆಯ ಹಿಂದೆ ಒಯ್ದು ಆ ಕುರ್ಚಿಯ ಮೇಲೆ ಕೂರಿಸಿಯೇ ಬಿಟ್ಟ.

ಮೆತ್ತೆ ಕೆಳಗಿಳಿಯಿತು. ಕೊರಗಪ್ಪನ ಮೊಣಕಾಲು ನಿಟ್ಟುಸಿರು ಬಿಟ್ಟವು. ಅಲ್ಲಿಂದ ನೋಡಿದರೆ ಹೋಟೆಲು ಬೇರೆಯೇ ಕಾಣುತ್ತಿತ್ತು. ಮೇಜುಗಳೆಲ್ಲ ಸಣ್ಣದಾಗಿ, ಬಾಗಿಲು ದೊಡ್ಡದಾಗಿ.

"ಅರೇ, ನಿಲ್ಲಿ ನಿಲ್ಲಿ, ಕೆಳಗೆ ಇನ್ನೂ ಏನೋ ಉಂಟು," ಎಂದಳು ಶ್ರೇಯಾ. ಸಂಭ್ರಮದಲ್ಲಿ ಪುಟವನ್ನು ಸರಿಸುತ್ತಾ ವಿಡಿಯೋಕ್ಕೆ ಕೇಳುವ ಹಾಗೆ ಗಟ್ಟಿಯಾಗಿ ಓದತೊಡಗಿದಳು. "ಬ್ಯಾಟರಿ ಒರಿಜಿನಲ್. ಗುಡ್. ತಯಾರಾದ ಡೇಟ್..." ಅವಳ ದನಿ ಒಂದು ಮೆಟ್ಟಿಲು ಇಳಿಯಿತು. "ಈ ವರ್ಷದ್ದು? ಫೋನ್ ಮೂರು ವರ್ಷದ್ದಲ್ವಾ? ಫಸ್ಟ್ ಯೂಸ್..." ದನಿ ಪೂರ್ತಿ ಇಳಿಯಿತು. "ಪಪ್ಪಾ. ಇದು ಈ ಬುಧವಾರ."

ಡುಪ್ಲಿಕೇಟು ಹಾಕಿಸಿದ್ದರೆ ಆ ಪುಟ ಬಾಯಿ ಬಿಡುತ್ತಿತ್ತೋ ಇಲ್ಲವೋ. ಒರಿಜಿನಲ್ ಬ್ಯಾಟರಿ ತನ್ನ ಜಾತಕವನ್ನೇ ಓದಿಬಿಟ್ಟಿತ್ತು.

ಕೊರಗಪ್ಪನ ನಾಲಿಗೆ ಹಳೆಯ ದಾರಿಯಲ್ಲೇ ಓಡಿತು. "ಅದೇ ನೋಡಿ ಮತ್ತೆ! ಎಂಬತ್ತಕ್ಕೆ ನಿಲ್ಲಿಸಿ ನಿಲ್ಲಿಸಿ ಬ್ಯಾಟರಿಗೆ ಪ್ರಾಯ ವಾಪಸು ಬಂದದ್ದು! ಇಳಿದು ಇಳಿದು, ಈ ಬುಧವಾರಕ್ಕೆ ಹಸುಗೂಸು!"

"ಅಂದ್ರ ಅದು ತಿರುಗಿ ಹುಟ್ಟೇದ ಏನ್ರಿ?" ಯಲ್ಲಾಲಿಂಗ ಕೇಳಿದ. "ಬಾಣಂತನ ಯಾರು ಮಾಡಿದ್ರು?"

ಯಾರೋ ಕಿಸಕ್ಕೆಂದರು. ಶ್ರೇಯಾ ನಗಲಿಲ್ಲ. ವಿಡಿಯೋ ನಿಲ್ಲಿಸಿ ಫೋನನ್ನು ಎದೆಗೆ ಒತ್ತಿಕೊಂಡಳು. "ಪಪ್ಪಾ, ಏಯ್ಟಿ ಕೂಡ ಝೂಠ್ ಆಗಿತ್ತಾ?"

ಕೊರಗಪ್ಪ ಕುರ್ಚಿಯಿಂದ ಎದ್ದ. ಮೆತ್ತೆ ನಿಧಾನ ಮೇಲೆದ್ದಿತು.

"ಇಲ್ಲ ಮಗಳೇ. ಅದು ಝೂಠ್ ಅಲ್ಲ. ಎಂಬತ್ತು ಸತ್ಯ. ನೂರು ಸುಳ್ಳು." ಅವನು ಸುಹಾಸನ ಕಡೆ ತಿರುಗಿದ. "ಕುರ್ಲಾದಲ್ಲಿ ಬದಲಾಯಿಸಿದೆ ಧಣಿ. ಹಳೆಯದು ಸ್ವಲ್ಪ ಇಳಿದಿತ್ತು."

"ಎಷ್ಟು ಇತ್ತು?"

"ತೊಂಬತ್ತಾರು."

ಸುಹಾಸ ಕೈ ಕಟ್ಟಿ ನಿಂತ.

"ತೊಂಬತ್ತಮೂರು ಇರಬೇಕು."

ಸುಹಾಸ ಕಟ್ಟಿದ ಕೈ ಬಿಚ್ಚಲಿಲ್ಲ.

"ತೊಂಬತ್ತು... ದೇವರಾಣೆ ಧಣಿ, ಎಂಬತ್ತೊಂಬತ್ತು. ಇದರ ಕೆಳಗೆ ನಾನು ಇಳಿಯುದಿಲ್ಲ. ಇದಕ್ಕಿಂತ ಕೆಳಗೆ ಸತ್ಯವೇ ಇಲ್ಲ!"

ಸುಹಾಸ ಹಣೆ ಚಚ್ಚಿಕೊಂಡ. "ಎಂಬತ್ತೊಂಬತ್ತು! ದೇವಾನಂದಂದು ಎಂಬತ್ತೊಂದು. ನೀವು ಗೆದ್ದೇ ಇದ್ರಲ್ಲ ಮಾರಾಯ್ರೆ! ಮೂರು ವರ್ಷಕ್ಕೆ ಎಂಟು ಪರ್ಸೆಂಟು ಉಳಿಸಿದ್ದೇನೆ ಅಂತ ಸೀದಾ ಹೇಳಿದ್ರೆ ಸಾಕಿತ್ತು."

"ಎಂಟಕ್ಕೆ ಯಾರು ಚಪ್ಪಾಳೆ ತಟ್ತಾರೆ ಧಣಿ?"

"ನಾನು ತಟ್ತಿದ್ದೆ." ಸುಹಾಸನ ದನಿಯಲ್ಲಿ ಈಗ ಹುರುಪಿರಲಿಲ್ಲ. "ಈಗ ಬಾಂದ್ರಾದ ಗಲ್ಲೆಯಲ್ಲಿ ಕೂತು ನೀವು ರಾತ್ರಿ ಫೋನ್ ಮಾಡಿ, ಇವತ್ತು ಭರ್ಜರಿ ವ್ಯಾಪಾರ ಅಂದ್ರೆ ನಾನು ಯಾವ ಪುಟ ತೆರೆದು ನೋಡ್ಲಿ? ಬೇಡ, ಕೊರಗಪ್ಪಣ್ಣ. ಮಾಮನ ಕಡೆಯವನೇ ಬರ್ಲಿ."

ಕೊರಗಪ್ಪ ಹೆಗಲ ಮೇಲಿನ ಬಟ್ಟೆ ತೆಗೆದು, ಅಭ್ಯಾಸದಿಂದ ಆ ಕುರ್ಚಿಯನ್ನು ಒಮ್ಮೆ ಒರೆಸಿದ.

ಅಷ್ಟರಲ್ಲಿ ಬ್ಯಾಗು ಹಾಕಿಕೊಂಡ ಒಬ್ಬ ಗಿರಾಕಿ ಒಳಗೆ ಬಂದು ಕುಳಿತ. ಅಲ್ಲಿ ಏನು ನಡೆಯುತ್ತಿದೆಯೆಂದು ಅವನಿಗೇನು ಗೊತ್ತು? ಬೆರಳು ಎತ್ತಿ ಕೇಳಿದ. "ಕ್ಯಾಪ್ಟನ್, ವಡಾ ಗರಂ ಹೈ ಕ್ಯಾ?"

ಕೊರಗಪ್ಪನ ಬಾಯಿ ತೆರೆಯಿತು. 'ಅಭೀ ಅ' ಎಂಬಲ್ಲಿಯವರೆಗೆ ತುಟಿ ತಾನೇ ಹೋಯಿತು. ಅಲ್ಲಿ, ವಯರು ಕಿತ್ತ ಹಾಗೆ, ನಿಂತಿತು.

"ಸುಬಹ್ ಕಾ ಹೈ, ಸಾಬ್," ಎಂದ. "ಥಂಡಾ ಹೈ. ದೋಸಾ ಖಾವೋ. ದಸ್ ಮಿನಿಟ್ ಲಗೇಗಾ, ಲೇಕಿನ್ ಗರಂ ಮಿಲೇಗಾ."

ಕಾವಲಿಗೆ ಮರಳಿದ್ದ ದೇವಾನಂದನ ಸಟ್ಟುಗ ಠಣ್ ಎಂದು ನೆಲಕ್ಕೆ ಬಿತ್ತು. ಹೋಟೆಲು ಹುಟ್ಟಿದಂದಿನಿಂದ ಆ ನೆಲದಲ್ಲಿ ವಡೆ ಬೆಳಗಿನದು, ತಣ್ಣಗಿದೆ ಎಂಬ ಮಾತು ಯಾರೂ ಆಡಿರಲಿಲ್ಲ. ಗಿರಾಕಿಯೂ ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಆಮೇಲೆ ಬ್ಯಾಗು ಇಳಿಸಿ, "ಠೀಕ್ ಹೈ, ದೋ ಮಸಾಲಾ ದೋಸಾ," ಎಂದ.

"ಏಕ್ ಮಸಾಲಾ..." ಎಂದು ಹಳೆಯ ರೂಢಿಯಲ್ಲಿ ಕೂಗಹೊರಟ ಕೊರಗಪ್ಪ ಗಂಟಲು ತಗ್ಗಿಸಿದ. "ಎರಡು ಮಸಾಲೆ, ದೇವಾನಂದ. ನಿಜವಾಗಿಯೂ ಎರಡು."

ಶ್ರೇಯಾಳಿಗೆ ಮೊದಲು ನಗು ಬಂತು. ಅವಳು ಬಾಯಿ ಮುಚ್ಚಿಕೊಂಡಳು, ಆಗಲಿಲ್ಲ. ಅವಳ ಹಿಂದೆ ಯಲ್ಲಾಲಿಂಗ, ಆಮೇಲೆ ಇಡೀ ಹೋಟೆಲು. ಸುಹಾಸ ಮಾತ್ರ ಗಲ್ಲೆಗೆ ಒರಗಿ ಕೊರಗಪ್ಪನನ್ನೇ ನೋಡುತ್ತಿದ್ದ. ಕೊನೆಗೆ ಅವನ ತುಟಿಯ ತುದಿಯೂ ಸಡಿಲವಾಯಿತು.

"ಕೊರಗಪ್ಪಣ್ಣ, ನಿಮ್ಮ ಬಾಯಿ ತಾನಾಗಿ ನಿಂತದ್ದನ್ನು ನಾನು ಇವತ್ತೇ ನೋಡಿದ್ದು. ಬಾಂದ್ರಾದ ವಿಷಯ ಇನ್ನೊಮ್ಮೆ ಯೋಚನೆ ಮಾಡ್ತೇನೆ. ಆದ್ರೆ ಅದಕ್ಕೆ ಮೊದಲು ಒಂದು ಸರಿಯಾಗಿ ಹೇಳಿ. ಕರೆಂಟು ಹೋದ ದಿನ, ಆ ಗ್ರೈಂಡರ್."

ಕೊರಗಪ್ಪ ಮಗಳನ್ನು ನೋಡಿದ, ಕುರ್ಚಿಯನ್ನು ನೋಡಿದ, ಹೆಗಲ ಬಟ್ಟೆಯಿಂದ ಕುತ್ತಿಗೆ ಒರೆಸಿಕೊಂಡ.

"ಗ್ರೈಂಡರ್ ತಿರುಗಲಿಲ್ಲ ಧಣಿ."

"ಅದು ನಮಗೆಲ್ಲ ಗೊತ್ತುಂಟು."

"ಲಿಫ್ಟೂ ಹೋಗಲಿಲ್ಲ."

"ಅದೂ ಗೊತ್ತುಂಟು. ಆ ಕತ್ತಲಲ್ಲಿ ಮತ್ತೆ ಏನಾಯ್ತು?"

"ಅಷ್ಟರವರೆಗೆ ರುಬ್ಬಿದ ಹಿಟ್ಟಿನ ಪಾತ್ರೆಗೆ ಮುಚ್ಚಳ ಹಾಕ್ಲಿಕ್ಕೆ ಬೆಳಕು ಬೇಕಿತ್ತು. ದೇವಾನಂದನ ಫೋನಿನ ಟಾರ್ಚ್ ಹಾಕಿ ಮಾಡಿದ್ದು. ಅವನು ಪೂರ್ತಿ ತುಂಬಿಸ್ತಾನಲ್ಲ, ಸಂಜೆಗೂ ಅವನದ್ದು ಇತ್ತು." ಕೊರಗಪ್ಪ ಕಿಸೆ ಮುಟ್ಟಿಕೊಂಡ. "ನನ್ನದರಲ್ಲಿ ಸ್ವಲ್ಪ ಕಡಿಮೆ ಉಂಟು ಅಂತ ಕಿಸೆಯಲ್ಲೇ ಇಟ್ಟುಕೊಂಡೆ."

"ಎಷ್ಟು ಕಡಿಮೆ?"

"ಹತ್ತು ಪರ್ಸೆಂಟು."

ಕಾವಲಿಯ ಹತ್ತಿರ ದೇವಾನಂದ ಎರಡು ದೋಸೆಗೆ ಹಿಟ್ಟು ಹೊಯ್ದು, ಸಟ್ಟುಗವನ್ನು ಗಾಳಿಯಲ್ಲೇ ಹಿಡಿದು ಕಾಯುತ್ತಿದ್ದ.

"ಎರಡು ಪರ್ಸೆಂಟು," ಎಂದ ಕೊರಗಪ್ಪ. ಆಮೇಲೆ ಎರಡೂ ಕೈ ಎತ್ತಿಬಿಟ್ಟ. "ಸೊನ್ನೆ ಧಣಿ! ನನ್ನ ಫೋನು ಮಧ್ಯಾಹ್ನವೇ ಸತ್ತು ಬಿದ್ದಿತ್ತು. ಸೊನ್ನೆ!"